ಗುಲಾಮರ ಗುಡಿಸಲಿನಿಂದ ಕೃಷಿ ಕಾಲೇಜಿಗೆ: ಸಸ್ಯ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಬದುಕಿನ ಕಥೆ

ಶೇಂಗಾ ಎನ್ನಿ, ಕಡಲೆಕಾಯಿ ಎನ್ನಿ, ಅದರ ಮಾತು ಬಂದ ಕೂಡಲೇ ಅಮೆರಿಕದ ಶಾಲಾ ಮಕ್ಕಳಿಗೆ ನೆನಪಾಗುವುದು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಶೇಂಗಾದಿಂದ ನೂರಾರು ವಸ್ತುಗಳನ್ನು ತಯಾರಿಸಿ ತೋರಿಸಿದ ಕಪ್ಪು ವರ್ಣೀಯ ವಿಜ್ಞಾನಿ ಎಂದೇ ಅವರು ಪ್ರಸಿದ್ಧರು. ಆದರೆ ಶೇಂಗಾ ಅವರ ಬದುಕಿನ ಒಂದು ಭಾಗ ಮಾತ್ರ. ಅಲಬಾಮಾ ರಾಜ್ಯದ ಟಸ್ಕೆಗೀ ಎಂಬ ಊರಿನ ಶಿಕ್ಷಣ ಸಂಸ್ಥೆಯೊಂದರಲ್ಲಿ ಅವರು 46 ವರ್ಷ ಮೇಷ್ಟ್ರಾಗಿದ್ದರು. ಅಕ್ಷರ ಬಾರದ ರೈತನಿಗೆ ಸಸ್ಯ ವಿಜ್ಞಾನ ಕಲಿಸುವುದು ಹೇಗೆ ಎಂಬುದೇ ಅವರ ಜೀವಮಾನದ ಕೆಲಸವಾಗಿತ್ತು.

ಅವರು ಹುಟ್ಟಿದ ದಿನಾಂಕ ಯಾರಿಗೂ ಗೊತ್ತಿಲ್ಲ, ಅವರಿಗೂ ಗೊತ್ತಿರಲಿಲ್ಲ. ಗುಲಾಮರ ಮಕ್ಕಳ ಜನನವನ್ನು ಬರೆದಿಡುವ ಪದ್ಧತಿ ಇರಲಿಲ್ಲ. ಅಮೆರಿಕದ ಅಂತರ್ಯುದ್ಧ ನಡೆಯುತ್ತಿದ್ದ 1864ರ ಸುಮಾರಿಗೆ ಮಿಸ್ಸೂರಿ ರಾಜ್ಯದ ಡೈಮಂಡ್ ಎಂಬ ಹಳ್ಳಿಯ ಬಳಿ ಹುಟ್ಟಿರಬೇಕು ಎಂದು ಅಂದಾಜಿಸಲಾಗಿದೆ. ತಾಯಿ ಮೇರಿ, ಮೋಸೆಸ್ ಕಾರ್ವರ್ ಎಂಬ ಜರ್ಮನ್ ಮೂಲದ ರೈತನ ಗುಲಾಮಳಾಗಿದ್ದಳು. ತಂದೆಯನ್ನು ಮಗು ನೋಡಲೇ ಇಲ್ಲ.

ಕೂಸಾಗಿದ್ದಾಗಲೇ ದರೋಡೆಕೋರರ ಗುಂಪೊಂದು ತಾಯಿ ಮಗು ಇಬ್ಬರನ್ನೂ ಹೊತ್ತೊಯ್ದಿತು. ಗುಲಾಮರನ್ನು ಕದ್ದು ಬೇರೆ ರಾಜ್ಯದಲ್ಲಿ ಮಾರುವುದು ಆಗ ಒಂದು ದಂಧೆ. ಮೋಸೆಸ್ ಒಬ್ಬನನ್ನು ಹುಡುಕಲು ಕಳಿಸಿದ. ಅವನು ಮಗುವಿನೊಂದಿಗೆ ಮರಳಿದ, ತಾಯಿ ಸಿಗಲಿಲ್ಲ. ಹುಡುಕಿ ತಂದವನಿಗೆ ಪ್ರತಿಫಲವಾಗಿ ಒಂದು ರೇಸ್ ಕುದುರೆ ಕೊಡಲಾಯಿತು ಎಂಬುದು ಕಾರ್ವರ್ ಮುಂದೆ ಹೇಳಿಕೊಂಡು ಬಂದ ಕಥೆ. ಮೇರಿಗೆ ಏನಾಯಿತು ಎಂಬುದು ಕೊನೆಯವರೆಗೂ ತಿಳಿಯಲಿಲ್ಲ.

ಯುದ್ಧ ಮುಗಿದು ಗುಲಾಮಗಿರಿ ರದ್ದಾದ ಮೇಲೆ ಮೋಸೆಸ್ ಮತ್ತು ಅವನ ಹೆಂಡತಿ ಸೂಸನ್, ಜಾರ್ಜ್ ಹಾಗೂ ಅವನ ಅಣ್ಣ ಜಿಮ್ ಇಬ್ಬರನ್ನೂ ಮನೆಯಲ್ಲೇ ಇಟ್ಟುಕೊಂಡು ಬೆಳೆಸಿದರು. ಜಿಮ್ ಗಟ್ಟಿಮುಟ್ಟಾಗಿದ್ದ, ಹೊಲದ ಕೆಲಸಕ್ಕೆ ಹೋದ. ಜಾರ್ಜ್ ಬಡಕಲು ಶರೀರದ, ಸದಾ ಕೆಮ್ಮುವ ಹುಡುಗ. ಹಾಗಾಗಿ ಸೂಸನ್ ಅವನಿಗೆ ಅಡುಗೆ, ಬಟ್ಟೆ ಒಗೆಯುವುದು, ಹೊಲಿಗೆ, ಕಸೂತಿ ಕಲಿಸಿದಳು. ಇದು ಸಣ್ಣ ಸಂಗತಿ ಅನಿಸಬಹುದು. ಆದರೆ ಮುಂದೆ ಹೈಸ್ಕೂಲು, ಕಾಲೇಜು ಮುಗಿಸುವವರೆಗೆ ಅವನ ಹೊಟ್ಟೆ ತುಂಬಿಸಿದ್ದು ಊರವರ ಬಟ್ಟೆ ಒಗೆದು ಇಸ್ತ್ರಿ ಮಾಡಿ ಗಳಿಸಿದ ಕಾಸೇ.

ಮನೆಗೆಲಸ ಮುಗಿದರೆ ಹುಡುಗ ಕಾಡಿನೊಳಗೆ. ಅಲ್ಲಿ ಯಾರಿಗೂ ಕಾಣದಂತೆ ಪುಟ್ಟ ತೋಟವೊಂದನ್ನು ಮಾಡಿಕೊಂಡಿದ್ದ. ಗಂಡು ಹುಡುಗ ಹೂಗಿಡಗಳ ಹಿಂದೆ ಬೀಳುವುದನ್ನು ಕಂಡು ಜನ ನಗುತ್ತಾರೆಂಬ ಅಂಜಿಕೆ. ಬಾಡಿದ ಗಿಡವನ್ನು ತಂದು ಮಣ್ಣು ಬದಲಿಸಿ, ನೆರಳು ಬಿಸಿಲು ಹೊಂದಿಸಿ ಚಿಗುರಿಸುತ್ತಿದ್ದ. ಸುದ್ದಿ ಹರಡಿ ಅಕ್ಕಪಕ್ಕದ ಹೆಂಗಸರು ತಮ್ಮ ಸೊರಗಿದ ಗಿಡಗಳನ್ನು ಅವನಿಗೆ ತೋರಿಸಲು ಶುರು ಮಾಡಿದರು. ಗಿಡಗಳ ಡಾಕ್ಟರ್ ಎಂಬ ಹೆಸರು ಆಗಲೇ ಬಿತ್ತು.

ಶಾಲೆಗಾಗಿ ಊರೂರು ಅಲೆದಾಟ

ಡೈಮಂಡ್‌ನ ಶಾಲೆಗೆ ಕಪ್ಪು ಮಕ್ಕಳಿಗೆ ಪ್ರವೇಶವಿರಲಿಲ್ಲ. ಹತ್ತು ಹನ್ನೆರಡರ ವಯಸ್ಸಿನಲ್ಲಿ ಜಾರ್ಜ್ ಮನೆ ಬಿಟ್ಟು ಸುಮಾರು 13 ಕಿ.ಮೀ. ದೂರದ ನಿಯೋಶೋ ಪಟ್ಟಣಕ್ಕೆ ನಡೆದ. ಅಲ್ಲಿ ಕಪ್ಪು ಮಕ್ಕಳಿಗಾಗಿ ಒಂದು ಕೋಣೆಯ ಶಾಲೆಯಿತ್ತು. ಪಕ್ಕದಲ್ಲೇ ವಾಸವಿದ್ದ ಮರಾಯಾ ಮತ್ತು ಆಂಡ್ರ್ಯೂ ವಾಟ್ಕಿನ್ಸ್ ದಂಪತಿ ಅವನನ್ನು ಮನೆಗೆ ಸೇರಿಸಿಕೊಂಡರು. ಮರಾಯಾ ಸೂಲಗಿತ್ತಿ, ಮದ್ದಿನ ಗಿಡಮೂಲಿಕೆಗಳನ್ನು ಬಲ್ಲವಳು. ಕಲಿತದ್ದನ್ನು ತನ್ನವರಿಗೆ ಹಿಂದಿರುಗಿಸಬೇಕೆಂಬ ಮಾತನ್ನು ಅವಳು ಹುಡುಗನ ತಲೆಯಲ್ಲಿ ತುಂಬಿದಳು ಎಂದು ಕಾರ್ವರ್ ಮುದುಕರಾದ ಮೇಲೂ ನೆನೆಯುತ್ತಿದ್ದರು.

ಆ ಶಾಲೆಯ ಮೇಷ್ಟ್ರಿಗೆ ಗೊತ್ತಿದ್ದದ್ದನ್ನು ಹುಡುಗ ಬೇಗ ಕಲಿತು ಮುಗಿಸಿದ. ಮುಂದೆ ಕ್ಯಾನ್ಸಸ್ ರಾಜ್ಯದ ಫೋರ್ಟ್ ಸ್ಕಾಟ್. ಅಲ್ಲಿ 1879ರಲ್ಲಿ ಉದ್ರಿಕ್ತ ಗುಂಪೊಂದು ಕಪ್ಪು ಮನುಷ್ಯನೊಬ್ಬನನ್ನು ಜೈಲಿನಿಂದ ಎಳೆದು ತಂದು ಕೊಂದುಹಾಕಿದ್ದನ್ನು ಕಣ್ಣಾರೆ ಕಂಡ. ಅಂದೇ ಊರು ಬಿಟ್ಟ. ಹೀಗೆ ಒಂದೊಂದು ಊರಿನಲ್ಲಿ ಒಂದೊಂದು ತರಗತಿ ಓದುತ್ತಾ, ಅಡುಗೆ ಮಾಡುತ್ತಾ, ಬಟ್ಟೆ ಒಗೆಯುತ್ತಾ, ಮಿನಿಯಾಪೊಲಿಸ್ ಎಂಬ ಕ್ಯಾನ್ಸಸ್‌ನ ಪುಟ್ಟ ಪಟ್ಟಣದಲ್ಲಿ ಹೈಸ್ಕೂಲು ಮುಗಿಸಿದ. ಅಲ್ಲಿ ಇನ್ನೊಬ್ಬ ಜಾರ್ಜ್ ಕಾರ್ವರ್ ಇದ್ದು ಇಬ್ಬರ ಅಂಚೆ ಅದಲು ಬದಲಾಗುತ್ತಿದ್ದರಿಂದ ನಡುವೆ ಒಂದು ಇನಿಷಿಯಲ್ ಸೇರಿಸಿಕೊಂಡ. ವಾಷಿಂಗ್ಟನ್ ಎಂಬ ಹೆಸರು ಬಂದದ್ದು ಹಾಗೆ. ಅಧ್ಯಕ್ಷರ ಮೇಲಿನ ಅಭಿಮಾನಕ್ಕಿಂತ ಪೋಸ್ಟ್‌ಮನ್‌ನ ಗೊಂದಲಕ್ಕೇ ಅದರ ಶ್ರೇಯ ಸಲ್ಲಬೇಕು.

ಹೈಲ್ಯಾಂಡ್ ಎಂಬ ಕಾಲೇಜಿಗೆ ಅಂಚೆಯಲ್ಲಿ ಅರ್ಜಿ ಹಾಕಿದಾಗ ಪ್ರವೇಶ ಸಿಕ್ಕಿತು. ಗಂಟುಮೂಟೆ ಕಟ್ಟಿಕೊಂಡು ಹೋಗಿ ಎದುರು ನಿಂತಾಗ ಮೈಬಣ್ಣ ಕಂಡು ಬಾಗಿಲು ಮುಚ್ಚಿದರು. ಈ ಪೆಟ್ಟಿನಿಂದ ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದವು. 1886ರಲ್ಲಿ ಪಶ್ಚಿಮ ಕ್ಯಾನ್ಸಸ್‌ನ ಬಯಲಿನಲ್ಲಿ ಸರ್ಕಾರಿ ಜಮೀನು ಹಿಡಿದು, ಹುಲ್ಲುಹೆಂಟೆಗಳಿಂದ ಮನೆ ಕಟ್ಟಿಕೊಂಡು, 17 ಎಕರೆಯನ್ನು ಕೈಯಾರೆ ಹದ ಮಾಡಿ ಜೋಳ, ತರಕಾರಿ ಬೆಳೆದರು. ಬರ, ಹಿಮಗಾಳಿ, ಸಾಲ ಎಲ್ಲವನ್ನೂ ಕಂಡರು. ಮುಂದೆ ಬಡ ರೈತರ ಮುಂದೆ ನಿಂತು ಮಾತಾಡಿದಾಗ ಅವರ ಮಾತು ಪುಸ್ತಕದ ಬದನೆಕಾಯಿ ಆಗದಿದ್ದುದಕ್ಕೆ ಈ ಎರಡು ವರ್ಷಗಳೂ ಕಾರಣವಿರಬಹುದು.

ಚಿತ್ರಕಲೆಯಿಂದ ತೋಟಗಾರಿಕೆಗೆ

ಅಯೋವಾ ರಾಜ್ಯದ ವಿಂಟರ್‌ಸೆಟ್ ಪಟ್ಟಣದಲ್ಲಿ ಪರಿಚಯವಾದ ಬಿಳಿಯ ದಂಪತಿಯೊಬ್ಬರ ಒತ್ತಾಯದಿಂದ 1890ರಲ್ಲಿ ಸಿಂಪ್ಸನ್ ಕಾಲೇಜು ಸೇರಿದರು. ಆಯ್ದುಕೊಂಡದ್ದು ಸಂಗೀತ ಮತ್ತು ಚಿತ್ರಕಲೆ. ಶುಲ್ಕ ಕಟ್ಟಿದ ಮೇಲೆ ಕೈಯಲ್ಲಿ ಉಳಿದದ್ದು ಚಿಲ್ಲರೆ. ಮೊದಲ ದಿನಗಳನ್ನು ಮೆಕ್ಕೆಜೋಳದ ಹಿಟ್ಟು, ದನದ ಕೊಬ್ಬಿನಲ್ಲೇ ಕಳೆದರು. ಬಳಿಕ ಎರಡು ಟಬ್ಬು, ಒಂದು ಉಜ್ಜುವ ಹಲಗೆ ಸಾಲ ತಂದು ಸಹಪಾಠಿಗಳ ಬಟ್ಟೆ ಒಗೆಯತೊಡಗಿದರು.

ಅವರು ಬಿಡಿಸುತ್ತಿದ್ದುದು ಬರೀ ಹೂಗಿಡಗಳ ಚಿತ್ರ. ಚಿತ್ರಕಲೆಯ ಶಿಕ್ಷಕಿ ಎಟ್ಟಾ ಬಡ್ ಇದನ್ನು ಗಮನಿಸಿದರು. ಕಪ್ಪು ಚಿತ್ರಕಾರನೊಬ್ಬ ಆ ಕಾಲದಲ್ಲಿ ಹೊಟ್ಟೆ ಹೊರೆಯುವುದು ಹೇಗೆ ಎಂಬ ಚಿಂತೆ ಅವರದು. ಅವರ ತಂದೆ ಜೋಸೆಫ್ ಬಡ್, ಏಮ್ಸ್‌ನಲ್ಲಿದ್ದ ಅಯೋವಾ ರಾಜ್ಯ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆ ಪ್ರಾಧ್ಯಾಪಕರು. ಎಟ್ಟಾ ಶಿಫಾರಸಿನಿಂದ 1891ರಲ್ಲಿ ಕಾರ್ವರ್ ಅಲ್ಲಿಗೆ ಹೋದರು. ಆ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿ ಅವರೇ. ಬಂದ ಹೊಸತರಲ್ಲಿ ಊಟದ ಹಾಲಿನಲ್ಲಿ ಉಳಿದವರ ಜೊತೆ ಕೂರುವಂತಿರಲಿಲ್ಲ, ನೆಲಮಾಳಿಗೆಯಲ್ಲಿ ಕೆಲಸದವರ ಜೊತೆ ಉಣ್ಣಬೇಕಿತ್ತು.

ಕಲೆ ಬಿಟ್ಟು ವಿಜ್ಞಾನ ಹಿಡಿದ ಬೇಸರ ಅವರಿಗೆ ಕೊನೆಯವರೆಗೂ ಇತ್ತು. ಅವರು ಬಿಡಿಸಿದ ಯಕ್ಕಾ ಮತ್ತು ಕಳ್ಳಿ ಗಿಡದ ಚಿತ್ರ 1893ರ ಷಿಕಾಗೋ ವಿಶ್ವ ಮೇಳದಲ್ಲಿ ಪ್ರದರ್ಶನಗೊಂಡು ಮೆಚ್ಚುಗೆ ಪಡೆಯಿತು. ಅದೇ ವರ್ಷ, ಅದೇ ಮೇಳದ ಅಂಗವಾಗಿ ನಡೆದ ಸರ್ವಧರ್ಮ ಸಮ್ಮೇಳನದಲ್ಲೇ ಸ್ವಾಮಿ ವಿವೇಕಾನಂದರು ಮಾತಾಡಿದ್ದು.

ಏಮ್ಸ್‌ನಲ್ಲಿ ಕಾರ್ವರ್ ಅವರ ಕೈಚಳಕ ಬೇಗನೆ ಬೆಳಕಿಗೆ ಬಂತು. ಕಸಿ ಕಟ್ಟುವುದು, ತಳಿ ಬೆರೆಸುವುದು, ಗಾಜಿನ ಮನೆಯಲ್ಲಿ ಗಿಡ ಸಾಕುವುದು ಅವರಿಗೆ ನೀರು ಕುಡಿದಷ್ಟು ಸುಲಭ. 1894ರಲ್ಲಿ ಪದವಿ ಪಡೆದಾಗ ಬರೆದ ಪ್ರಬಂಧದ ವಿಷಯ, ಮನುಷ್ಯ ತನಗೆ ಬೇಕಾದಂತೆ ಸಸ್ಯಗಳನ್ನು ಮಾರ್ಪಡಿಸಿದ ಬಗೆ. ಬಳಿಕ ಸಸ್ಯಶಾಸ್ತ್ರಜ್ಞ ಲೂಯಿ ಪ್ಯಾಮೆಲ್ ಕೈಕೆಳಗೆ ಸ್ನಾತಕೋತ್ತರ ವ್ಯಾಸಂಗ, ಜೊತೆಗೆ ಗಾಜಿನ ಮನೆಯ ಉಸ್ತುವಾರಿ ಮತ್ತು ಕಿರಿಯರಿಗೆ ಪಾಠ. ಕಾಲೇಜಿನ ಮೊದಲ ಕಪ್ಪು ಅಧ್ಯಾಪಕರೂ ಅವರೇ ಆದರು. ಗಿಡಗಳಿಗೆ ರೋಗ ತರುವ ಶಿಲೀಂಧ್ರಗಳನ್ನು ಹುಡುಕಿ ಸಂಗ್ರಹಿಸುವುದರಲ್ಲಿ ಎಷ್ಟು ಚುರುಕಾಗಿದ್ದರೆಂದರೆ, ಮುಂದೆ ಕೆಲವು ಶಿಲೀಂಧ್ರಗಳಿಗೆ ಅವರ ಹೆಸರನ್ನೇ ಇಡಲಾಯಿತು.

ಅಲ್ಲಿನ ಪ್ರಾಧ್ಯಾಪಕರೊಬ್ಬರ ಪುಟ್ಟ ಮಗ ಇವರ ಹಿಂದೆ ಹೊಲ ಕಾಡು ಸುತ್ತುತ್ತಿದ್ದ. ಹುಲ್ಲಿನ ಹೂವಿನ ಭಾಗಗಳನ್ನು ಬಿಡಿಸಿ ಗುರುತಿಸುವುದನ್ನು ಅವನು ಕಲಿತದ್ದು ಕಾರ್ವರ್ ಅವರಿಂದ. ಅವನ ಹೆಸರು ಹೆನ್ರಿ ವ್ಯಾಲೆಸ್. ದೊಡ್ಡವನಾಗಿ ಹೈಬ್ರಿಡ್ ಮೆಕ್ಕೆಜೋಳದ ಬೀಜದ ಕಂಪನಿ ಕಟ್ಟಿದ, ಅಮೆರಿಕದ ಕೃಷಿ ಮಂತ್ರಿಯಾದ, 1941ರಲ್ಲಿ ಉಪಾಧ್ಯಕ್ಷನಾದ. ಮೆಕ್ಸಿಕೋದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ ಬೆಳೆ ಸಂಶೋಧನೆ ಆರಂಭಿಸಲು ಇವನ ಪ್ರೇರಣೆಯೂ ಇತ್ತು. ನಾರ್ಮನ್ ಬೋರ್ಲಾಗ್ ಅವರ ಗಿಡ್ಡ ಗೋಧಿ ತಳಿ ಸಿದ್ಧವಾದದ್ದು ಆ ಯೋಜನೆಯಲ್ಲಿ. 1960ರ ದಶಕದಲ್ಲಿ ಅದು ಭಾರತಕ್ಕೂ ಬಂತು.

ಕಸದ ತಿಪ್ಪೆಯಿಂದ ಪ್ರಯೋಗಶಾಲೆ

ಗುಲಾಮನಾಗಿಯೇ ಹುಟ್ಟಿದ್ದ ಬೂಕರ್ ಟಿ. ವಾಷಿಂಗ್ಟನ್ ಎಂಬ ಶಿಕ್ಷಣ ತಜ್ಞರು 1881ರಲ್ಲಿ ಟಸ್ಕೆಗೀಯಲ್ಲಿ ಶಾಲೆ ತೆರೆದಿದ್ದರು. ಓದಿನ ಜೊತೆ ಕಸುಬು ಕಲಿಯಬೇಕು ಎಂಬುದು ಅಲ್ಲಿನ ನಿಯಮ. ವಿದ್ಯಾರ್ಥಿಗಳು ಇಟ್ಟಿಗೆ ಸುಟ್ಟು ತಾವೇ ಕಟ್ಟಡ ಕಟ್ಟಿದರು, ಬಡಗಿತನ, ಕಮ್ಮಾರಿಕೆ, ಬೇಸಾಯ ಕಲಿತರು. ಅಧ್ಯಾಪಕರೆಲ್ಲರೂ ಕಪ್ಪು ವರ್ಣೀಯರೇ ಆಗಿರಬೇಕೆಂಬುದು ಅವರ ಹಟ. ಕೃಷಿ ವಿಭಾಗಕ್ಕೆ ಸ್ನಾತಕೋತ್ತರ ಪದವಿ ಪಡೆದ ಕಪ್ಪು ಮನುಷ್ಯ ಬೇಕೆಂದರೆ ಆಗ ದೇಶದಲ್ಲಿ ಸಿಗುತ್ತಿದ್ದದ್ದು ಕಾರ್ವರ್ ಮಾತ್ರ. 1896ರಲ್ಲಿ ವರ್ಷಕ್ಕೆ ಸಾವಿರ ಡಾಲರ್ ಸಂಬಳದ ಮೇಲೆ ಅವರು ದಕ್ಷಿಣಕ್ಕೆ ಹೊರಟರು. ಅಯೋವಾದ ಗೆಳೆಯರು ಕೊಟ್ಟ ಸೂಕ್ಷ್ಮದರ್ಶಕ ಜೊತೆಗಿತ್ತು.

ಹೋಗಿ ನೋಡಿದರೆ ಪ್ರಯೋಗಶಾಲೆಯೇ ಇಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಊರಿನ ಕಸದ ಗುಡ್ಡೆಗಳನ್ನು ಕೆದಕಿದರು. ಒಡೆದ ಶೀಸೆ, ಜಾಡಿ, ತಂತಿ, ಹಳೆಯ ದೀಪ, ತೂತು ಬಿದ್ದ ಪಾತ್ರೆಗಳೇ ಉಪಕರಣಗಳಾದವು. ಇದನ್ನು ಬಡತನದ ಹೃದಯಸ್ಪರ್ಶಿ ದೃಶ್ಯವೆಂದು ಹೇಳಿ ಮುಗಿಸುವವರೇ ಹೆಚ್ಚು. ಆದರೆ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ಟಸ್ಕೆಗೀಯ ಕೃಷಿ ಪ್ರಯೋಗ ಕೇಂದ್ರಕ್ಕೆ ಅಲಬಾಮಾ ಶಾಸನಸಭೆ 1897ರಲ್ಲಿ ಮಂಜೂರು ಮಾಡಿದ್ದು ವರ್ಷಕ್ಕೆ 1,500 ಡಾಲರ್. ಅದೇ ರಾಜ್ಯದ ಬಿಳಿಯರ ಕಾಲೇಜಾದ ಆಬರ್ನ್‌ನ ಕೇಂದ್ರಕ್ಕೆ ಆಗ ಕೇಂದ್ರ ಸರ್ಕಾರದಿಂದಲೇ ವರ್ಷಕ್ಕೆ 15,000 ಡಾಲರ್ ಬರುತ್ತಿತ್ತು. ಕಾರ್ವರ್ ತಿಪ್ಪೆ ಕೆದಕಿದ್ದಕ್ಕೆ ಕಾರಣ ಈ ಹತ್ತು ಪಟ್ಟಿನ ವ್ಯತ್ಯಾಸ.

ಸುತ್ತಲಿನ ಹೊಲಗಳದ್ದು ಇನ್ನೊಂದು ಸಂಕಟ. ಗುಲಾಮಗಿರಿಯಿಂದ ಬಿಡುಗಡೆಯಾದ ಕುಟುಂಬಗಳು ಬಿಳಿಯ ಜಮೀನ್ದಾರರ ಹೊಲವನ್ನು ಕೋರಿಗೆ ಮಾಡುತ್ತಿದ್ದವು. ಬೀಜ, ಗೊಬ್ಬರ, ಹಿಟ್ಟು ಎಲ್ಲವೂ ಅಂಗಡಿಯಿಂದ ಸಾಲ. ಸಾಲಕ್ಕೆ ಹತ್ತಿಯೇ ಅಡಮಾನ, ಆದ್ದರಿಂದ ಹತ್ತಿ ಬಿಟ್ಟು ಬೇರೆ ಬೆಳೆಯುವಂತಿಲ್ಲ. ವರ್ಷ ವರ್ಷ ಹತ್ತಿ ಬೆಳೆದು ಮಣ್ಣು ಸತ್ತುಹೋಗಿತ್ತು. ಮನೆ ಬಾಗಿಲವರೆಗೂ ಹತ್ತಿ ಗಿಡ, ಹಿತ್ತಲಲ್ಲಿ ಒಂದು ತರಕಾರಿ ಗಿಡವಿಲ್ಲ. ಪೌಷ್ಟಿಕಾಂಶದ ಕೊರತೆಯಿಂದ ಬರುವ ಪೆಲಾಗ್ರಾ ಕಾಯಿಲೆ ದಕ್ಷಿಣದ ಬಡವರಲ್ಲಿ ಸಾಮಾನ್ಯವಾಗಿತ್ತು.

ದುಬಾರಿ ರಾಸಾಯನಿಕ ಗೊಬ್ಬರ ಕೊಳ್ಳಿ ಎಂದು ಇಂಥವರಿಗೆ ಹೇಳಿ ಪ್ರಯೋಜನವಿಲ್ಲ ಎಂಬುದು ಕಾರ್ವರ್ ಅವರಿಗೆ ಬೇಗ ಅರ್ಥವಾಯಿತು. ಕಾಡಿನ ತರಗೆಲೆ, ಜೌಗಿನ ಗೋಡು, ಕೊಟ್ಟಿಗೆ ಗೊಬ್ಬರಗಳನ್ನೇ ಪ್ರಯೋಗ ಕೇಂದ್ರದ ಹೊಲಕ್ಕೆ ಹಾಕಿಸಿದರು. ಹತ್ತಿಯ ನಡುವಿನ ವರ್ಷಗಳಲ್ಲಿ ಅಲಸಂದೆ, ಶೇಂಗಾ ಬೆಳೆಯಲು ಹೇಳಿದರು. ಇವುಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ, ಕಾಳು ಮನೆಮಂದಿಯ ಹೊಟ್ಟೆಗೂ ಆಗುತ್ತದೆ. ಗೆಣಸನ್ನು ಒಣಗಿಸಿ ಹಿಟ್ಟು ಮಾಡಿಟ್ಟರೆ ಅಂಗಡಿಯ ಸಾಲ ಅಷ್ಟು ತಗ್ಗುತ್ತದೆ. ನಮ್ಮ ಕಡೆಯ ರೈತರಿಗೆ ರಾಗಿ ಜೋಳದ ನಡುವೆ ಅಲಸಂದೆ, ಅವರೆ, ತೊಗರಿಯ ಸಾಲು ಹೊಡೆಯುವುದು ಹೊಸತಲ್ಲ. ಹತ್ತಿಯ ಸಾಲದಲ್ಲಿ ಮುಳುಗಿದ್ದ ಅಲಬಾಮಾಕ್ಕೆ ಅದನ್ನು ಮತ್ತೆ ಹೇಳಿಕೊಡಬೇಕಿತ್ತು.

ಪ್ರಯೋಗದ ಫಲಿತಾಂಶವನ್ನು ಸಣ್ಣ ಪುಸ್ತಿಕೆಗಳಾಗಿ ಅಚ್ಚು ಹಾಕಿಸಿ ಹಂಚಿದರು. 1898ರಿಂದ ಸಾಯುವವರೆಗೆ ಇಂಥ 44 ಪುಸ್ತಿಕೆಗಳು ಬಂದವು. ಅವುಗಳ ಬರವಣಿಗೆಯ ವಿಧಾನ ಇವತ್ತಿನ ಕೃಷಿ ಅಧಿಕಾರಿಗಳಿಗೂ ಮಾದರಿಯಾಗಬಲ್ಲದು. ರೈತನಿಗೆ ಬೇಸಾಯ ಕ್ರಮ, ಶಾಲಾ ಮೇಷ್ಟ್ರಿಗೆ ಪಾಠಕ್ಕೆ ಬೇಕಾದಷ್ಟು ವಿಜ್ಞಾನ, ಮನೆಯಾಕೆಗೆ ಅಡುಗೆ, ಮೂರೂ ಒಂದೇ ಕಡೆ. 1916ರ ಪ್ರಸಿದ್ಧ ಪುಸ್ತಿಕೆಯಲ್ಲಿ ಶೇಂಗಾ ಬೆಳೆಯುವ ಬಗೆಯೂ ಅದರಿಂದ ಮಾಡಬಹುದಾದ 105 ತಿನಿಸುಗಳೂ ಇದ್ದವು. ಆ ಸೀಮೆಯ ಬಣ್ಣಬಣ್ಣದ ಜೇಡಿಮಣ್ಣಿನಿಂದಲೇ ಗುಡಿಸಲ ಗೋಡೆಗೆ ಬಣ್ಣ ಬಳಿಯುವುದು ಹೇಗೆಂದು ವಿವರಿಸುವ ಪುಸ್ತಿಕೆಯೂ ಬಂತು. ಅದರ ಹಿಂದೆ ಚಿತ್ರಕಾರನ ಕಣ್ಣಿತ್ತು.

ಓದಲು ಬಾರದವರು ಪುಸ್ತಿಕೆ ಇಟ್ಟುಕೊಂಡು ಏನು ಮಾಡಬೇಕು? ಇದಕ್ಕೆ ಸಿಕ್ಕ ಉತ್ತರವೇ ಗಾಡಿ ಶಾಲೆ. ಮಾರಿಸ್ ಜೆಸಪ್ ಎಂಬ ನ್ಯೂಯಾರ್ಕ್‌ನ ಬ್ಯಾಂಕರ್ ಹಣ ಕೊಟ್ಟರು. ಕಾರ್ವರ್ ನಕ್ಷೆ ಹಾಕಿದರು. ವಿದ್ಯಾರ್ಥಿಗಳು ಗಾಡಿ ಕಟ್ಟಿದರು. 1906ರಲ್ಲಿ ನೇಗಿಲು, ಬೆಣ್ಣೆ ಕಡೆಯುವ ಯಂತ್ರ, ಬೀಜ, ಗೊಬ್ಬರದ ಮಾದರಿಗಳನ್ನು ಹೇರಿಕೊಂಡು ಅದು ಹಳ್ಳಿಗಳಿಗೆ ಹೊರಟಿತು. ಒಬ್ಬ ರೈತನ ಹೊಲದಲ್ಲಿ ಗಾಡಿ ನಿಲ್ಲುತ್ತಿತ್ತು, ಸುತ್ತಲಿನವರು ಸೇರುತ್ತಿದ್ದರು, ಅಲ್ಲೇ ಉತ್ತು ಬಿತ್ತಿ ತೋರಿಸಲಾಗುತ್ತಿತ್ತು. ಇದನ್ನು ನಡೆಸಲು ನೇಮಕಗೊಂಡ ಟಸ್ಕೆಗೀ ವಿದ್ಯಾರ್ಥಿ ಥಾಮಸ್ ಕ್ಯಾಂಪ್‌ಬೆಲ್, ಅಮೆರಿಕ ಕೃಷಿ ಇಲಾಖೆಯ ಮೊದಲ ಕಪ್ಪು ವಿಸ್ತರಣಾ ಅಧಿಕಾರಿ. 1918ರಲ್ಲಿ ಕುದುರೆ ಗಾಡಿಯ ಬದಲು ಮೋಟಾರು ಲಾರಿ ಬಂತು. ಇಂದು ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಕೊನೆಯ ವರ್ಷದ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಹಳ್ಳಿಯಲ್ಲಿದ್ದು ರೈತರ ಜೊತೆ ಕೆಲಸ ಮಾಡುವುದು ಕಡ್ಡಾಯ. ಕಾರ್ವರ್ ಶಿಷ್ಯರು ನೂರು ವರ್ಷದ ಹಿಂದೆಯೇ ಆ ದಾರಿ ಹಿಡಿದಿದ್ದರು.

ಕೋಳಿ ಸಾಕಣೆಯ ಜಗಳ

ಹೊಲದಲ್ಲಿ ಗೆದ್ದವರು ಕಚೇರಿಯಲ್ಲಿ ಗೆಲ್ಲಲಿಲ್ಲ. ಪಾಠ, ಸಂಶೋಧನೆ, ಪುಸ್ತಿಕೆಗಳ ಜೊತೆ ಸಂಸ್ಥೆಯ ಹೊಲ, ಹಾಲು, ಕೋಳಿಗಳ ಉಸ್ತುವಾರಿಯೂ ಕಾರ್ವರ್ ಹೆಗಲ ಮೇಲಿತ್ತು. ಬೂಕರ್ ವಾಷಿಂಗ್ಟನ್ ಪ್ರತಿ ಮೊಟ್ಟೆಗೂ ಲೆಕ್ಕ ಕೇಳುವ ಮನುಷ್ಯ. ಕಾರ್ವರ್‌ಗೆ ಲೆಕ್ಕಪತ್ರವೆಂದರೆ ಅಲರ್ಜಿ. 1904ರಲ್ಲಿ ಕೋಳಿ ಮನೆಯ ವರದಿಯಲ್ಲಿ ಸಂಖ್ಯೆಗಳು ತಾಳೆಯಾಗದೆ ವಿಚಾರಣೆ ನಡೆಯಿತು. ಅವಮಾನಗೊಂಡ ಕಾರ್ವರ್ ರಾಜೀನಾಮೆಯ ಮಾತೆತ್ತಿದರು. ಅಂಥ ಮಾತು ಅದೊಂದೇ ಸಲ ಬಂದದ್ದೂ ಅಲ್ಲ. ಬಂದ ಹೊಸತರಲ್ಲೇ ತಮ್ಮ ಸಂಗ್ರಹ ಇಡಲು ಎರಡು ಕೋಣೆ ಪಡೆದಿದ್ದರಿಂದ, ಒಂದು ಕೋಣೆಯಲ್ಲಿ ಇಬ್ಬರಂತೆ ಇದ್ದ ಸಹೋದ್ಯೋಗಿಗಳ ಸಿಟ್ಟೂ ಹಿಂದಿನಿಂದ ಇತ್ತು. ಕೊನೆಗೆ 1910ರಲ್ಲಿ ವಿಭಾಗವನ್ನೇ ಒಡೆದು ಹೊಲದ ಆಡಳಿತವನ್ನು ಬೇರೆಯವರಿಗೆ ವಹಿಸಲಾಯಿತು.

ಕಾರ್ವರ್ ಅವರನ್ನು ಸಂತರಂತೆ ಚಿತ್ರಿಸುವ ಪುಸ್ತಕಗಳು ಈ ಅಧ್ಯಾಯವನ್ನು ಹಾರಿಸಿಬಿಡುತ್ತವೆ. ಹಾರಿಸುವ ಅಗತ್ಯವಿಲ್ಲ. ಸೊಗಸಾಗಿ ಪಾಠ ಹೇಳುವವರ ತಲೆಗೆ ಆಡಳಿತ ಕಟ್ಟುವ ತಪ್ಪನ್ನು ಕಾಲೇಜುಗಳು ಇಂದಿಗೂ ಮಾಡುತ್ತಲೇ ಇವೆ.

1915ರಲ್ಲಿ ವಾಷಿಂಗ್ಟನ್ ತೀರಿಕೊಂಡರು. ಜಗಳವಾಡಿದ್ದ ಯಜಮಾನನ ಸಾವಿಗೆ ಕಾರ್ವರ್ ಅತ್ತು ಕಂಗಾಲಾದರು. ಆ ಹೊತ್ತಿಗೆ ಮೆಕ್ಸಿಕೋದಿಂದ ಟೆಕ್ಸಸ್‌ಗೆ ನುಗ್ಗಿದ್ದ ಹತ್ತಿ ಕಾಯಿಯ ಮೂತಿಹುಳು ಅಲಬಾಮಾಕ್ಕೂ ಬಂದು ಬೆಳೆಯನ್ನು ಧೂಳೀಪಟ ಮಾಡುತ್ತಿತ್ತು. ಬೇರೆ ಬೆಳೆಗೆ ಹೊರಳದೆ ರೈತರಿಗೆ ಗತ್ಯಂತರವಿರಲಿಲ್ಲ, ಬಹಳ ಮಂದಿ ಶೇಂಗಾ ಹಿಡಿದರು. ಎಂಟರ್‌ಪ್ರೈಸ್ ಎಂಬ ಊರಿನವರಂತೂ ಹತ್ತಿಯ ಗುಲಾಮಗಿರಿಯಿಂದ ತಪ್ಪಿಸಿದ ಉಪಕಾರಕ್ಕೆ 1919ರಲ್ಲಿ ಆ ಹುಳುವಿಗೇ ಸ್ಮಾರಕ ಕಟ್ಟಿಸಿದರು.

ಶೇಂಗಾ ಹೆಚ್ಚಾಯಿತು, ಚೀನಾ ಮತ್ತು ಜಪಾನಿನಿಂದ ಅಗ್ಗದ ಮಾಲೂ ಬಂತು. ಆಮದು ಸುಂಕ ಹೇರುವಂತೆ ಕೇಳಲು ಶೇಂಗಾ ಬೆಳೆಗಾರರ ಸಂಘ 1921ರ ಜನವರಿಯಲ್ಲಿ ಕಾರ್ವರ್ ಅವರನ್ನು ಅಮೆರಿಕ ಸಂಸತ್ತಿನ ಸಮಿತಿ ಮುಂದೆ ನಿಲ್ಲಿಸಿತು. ಹತ್ತು ನಿಮಿಷ ಕೊಟ್ಟಿದ್ದರು. ಮೊದಮೊದಲು ಬಣ್ಣದ ಬಗ್ಗೆ ಕುಹಕದ ಮಾತೂ ಬಂತು. ಕಾರ್ವರ್ ಅದನ್ನು ಕಿವಿಗೆ ಹಾಕಿಕೊಳ್ಳದೆ ಚೀಲದಿಂದ ಶೇಂಗಾ ಹಾಲು, ಹಿಟ್ಟು, ಬಣ್ಣ, ಸಿಹಿ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. ಸಮಿತಿ ಸಮಯ ವಿಸ್ತರಿಸುತ್ತಲೇ ಹೋಯಿತು, ಎದ್ದಾಗ ಚಪ್ಪಾಳೆ. ಮರುವರ್ಷದ ಸುಂಕ ಕಾಯ್ದೆಯಲ್ಲಿ ಶೇಂಗಾಗೆ ರಕ್ಷಣೆ ಸಿಕ್ಕಿತು. ಬಟ್ಟೆ ಒಗೆದು ಓದಿದ್ದ ಮೇಷ್ಟ್ರು ದೇಶಕ್ಕೆಲ್ಲ ಗೊತ್ತಾದರು.

ದಂತಕಥೆ ಹುಟ್ಟಿದ್ದೂ ಆಗಲೇ. ಪೀನಟ್ ಬಟರ್ ಕಂಡುಹಿಡಿದವರು ಕಾರ್ವರ್ ಎಂದು ಇಂದಿಗೂ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತದೆ. ಅದು ಸುಳ್ಳು. ಕೆನಡಾದ ಮಾರ್ಸೆಲಸ್ ಎಡ್ಸನ್ 1884ರಲ್ಲೇ ಶೇಂಗಾ ಅರೆದ ಮುದ್ದೆಗೆ ಪೇಟೆಂಟ್ ಪಡೆದಿದ್ದರು. ಶೇಂಗಾದಿಂದ 300, ಗೆಣಸಿನಿಂದ ನೂರಕ್ಕೂ ಹೆಚ್ಚು ವಸ್ತು ಎಂಬ ಪಟ್ಟಿಗಳಲ್ಲಿ ಹಳೆಯ ಅಡುಗೆಗಳೂ ಸೇರಿವೆ, ಬಹುತೇಕ ಯಾವುದೂ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಅವರು ಪಡೆದ ಪೇಟೆಂಟ್ ಮೂರೇ, ಸೌಂದರ್ಯವರ್ಧಕಕ್ಕೆ ಒಂದು, ಬಣ್ಣಗಳಿಗೆ ಎರಡು. ಅವೂ ಹಣ ತರಲಿಲ್ಲ. ಪ್ರಯೋಗಗಳ ಲೆಕ್ಕವನ್ನು ಬರೆದಿಡುವ ಅಭ್ಯಾಸವೂ ಅವರಿಗೆ ಇರಲಿಲ್ಲ. ರಾಸಾಯನಿಕ ಸಂಶೋಧಕ ಎಂದು ಅಳೆದರೆ ಅವರು ಚಿಕ್ಕವರಾಗಿಯೇ ಕಾಣುತ್ತಾರೆ. ಸಾಲದ ಹೊಲದವನಿಗೆ ಅಲಸಂದೆ ಬಿತ್ತಲು ಕಲಿಸಿದ ಮೇಷ್ಟ್ರು ಆ ಪಟ್ಟಿಗಿಂತ ಬಹಳ ದೊಡ್ಡವರು.

ಭಾರತದ ನಂಟೂ ಇದೆ. ಗಾಂಧೀಜಿಯ ಆಪ್ತ ಸಿ.ಎಫ್. ಆಂಡ್ರ್ಯೂಸ್ 1929ರಲ್ಲಿ ಟಸ್ಕೆಗೀಗೆ ಹೋಗಿದ್ದರು. ಆ ಬಳಿಕ ಕಾರ್ವರ್ ಸಸ್ಯಾಹಾರದ ಪೌಷ್ಟಿಕತೆಯ ಬಗ್ಗೆ ಸಲಹೆ, ಪುಸ್ತಿಕೆಗಳನ್ನು ಗಾಂಧೀಜಿಗೆ ಕಳಿಸಿದರು. ಇಬ್ಬರ ನಡುವೆ ಪತ್ರ ವ್ಯವಹಾರವಿತ್ತು.

ಕಾರ್ವರ್ ಮದುವೆಯಾಗಲಿಲ್ಲ. ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಇದ್ದರು. ಹಳೆಯ ಕೋಟು, ತಾವೇ ಬಣ್ಣ ಹಾಕಿದ ಟೈ, ಕೋಟಿನ ಗುಂಡಿಯಲ್ಲಿ ದಿನವೂ ತಾಜಾ ಹೂವು. ಸಂಬಳ ಏರಿಕೆ ಬೇಡ ಎನ್ನುತ್ತಿದ್ದರು, ಸಂಬಳದ ಚೆಕ್ಕುಗಳನ್ನು ಬ್ಯಾಂಕಿಗೆ ಹಾಕುವುದನ್ನೂ ಮರೆಯುತ್ತಿದ್ದರು. ವಯಸ್ಸಾದ ಮೇಲೆ ಮೆಟ್ಟಿಲು ಹತ್ತಲಾಗದೆ ಇದ್ದಾಗ ಗೆಳೆಯ ಹೆನ್ರಿ ಫೋರ್ಡ್ ಅವರ ವಸತಿಗೆ ಲಿಫ್ಟ್ ಹಾಕಿಸಿಕೊಟ್ಟರು. 1935ರಲ್ಲಿ ಅಮೆರಿಕ ಕೃಷಿ ಇಲಾಖೆಯ ಸಸ್ಯರೋಗ ಸಮೀಕ್ಷೆಗೆ ಸಹಯೋಗಿಯಾಗಿ ನೇಮಕಗೊಂಡರು. ಏಮ್ಸ್‌ನಲ್ಲಿ ಅವರ ಮನಸ್ಸು ನೆಟ್ಟಿದ್ದ ಶಿಲೀಂಧ್ರಗಳ ಕೆಲಸ ನಾಲ್ಕು ದಶಕದ ನಂತರ ಹೀಗೆ ಮರಳಿ ಸಿಕ್ಕಿತು.

1943ರ ಜನವರಿ 5ರಂದು ಅವರು ತೀರಿಕೊಂಡರು. ಟಸ್ಕೆಗೀಯಲ್ಲೇ, ಬೂಕರ್ ವಾಷಿಂಗ್ಟನ್ ಸಮಾಧಿಯ ಪಕ್ಕದಲ್ಲಿ ಹೂಳಲಾಯಿತು. ಉಳಿದಿದ್ದ ಸುಮಾರು 60 ಸಾವಿರ ಡಾಲರ್ ಉಳಿತಾಯವನ್ನು ಅಲ್ಲಿನ ಸಂಶೋಧನಾ ಪ್ರತಿಷ್ಠಾನಕ್ಕೆ ಬಿಟ್ಟುಹೋಗಿದ್ದರು. 1947ರಲ್ಲಿ ಅವರ ಹೆಸರಿನ ಮ್ಯೂಸಿಯಂಗೆ ಬೆಂಕಿ ಬಿದ್ದು ಚಿತ್ರಗಳಲ್ಲಿ ಹೆಚ್ಚಿನವು ಸುಟ್ಟುಹೋದವು. ಷಿಕಾಗೋಗೆ ಹೋಗಿ ಬಂದಿದ್ದ ಯಕ್ಕಾ ಮತ್ತು ಕಳ್ಳಿಯ ಚಿತ್ರ ಉಳಿಯಿತು.